ಕಂಡ ನೀರು, ಕಾಣದ ಊರು

ಗೇರುಸೊಪ್ಪೆಯ ಚತುರ್ಮುಖ ಬಸದಿಯ ದರ್ಶನಕ್ಕೆ ಹೋದ ಯಾತ್ರಿಕರಲ್ಲಿ ಅನೇಕರು ಘಟ್ಟವನ್ನೇರಿ ಜೋಗಕ್ಕೆ ಬರುತ್ತಾರೆ. ಅಲ್ಲಿಗೆ ಸಮೀಪದಲ್ಲಿಯೇ ಶರಾವತಿಗೆ ಅಡ್ಡಲಾಗಿ ನಿಂತಿದೆ ಲಿಂಗನಮಕ್ಕಿ ಅಣೆಕಟ್ಟು. 1964ರಲ್ಲಿ ಸಿದ್ಧವಾದ ಈ ಕಟ್ಟೆಯ ಉದ್ದ ಎರಡು ಕಿಲೋಮೀಟರಿಗೂ ಮಿಗಿಲು. ಜಲಾಶಯದ ಪೂರ್ಣಮಟ್ಟ 1819 ಅಡಿ. ಸಂಗ್ರಹ ಸುಮಾರು 152 ಟಿ.ಎಂ.ಸಿ. ಗುಡ್ಡಗಳ ನಡುವೆ ಹರಡಿದ ಆ ಜಲರಾಶಿಯನ್ನು ಕಂಡು ಮನಸ್ಸು ಹಿಗ್ಗುವುದು ಸಹಜ. ಮಕ್ಕಳು ಹರ್ಷಿಸುತ್ತಾರೆ, ಹಿರಿಯರು ಮಾನವನ ಸಾಹಸವನ್ನು ಹೊಗಳುತ್ತಾರೆ, ಛಾಯಾಚಿತ್ರಗಳನ್ನು ತೆಗೆದುಕೊಂಡು ಎಲ್ಲರೂ ಬಸ್ಸನ್ನೇರುತ್ತಾರೆ.

ಆದರೆ ಆ ನೀರಿನ ಅಡಿಯಲ್ಲಿ ಊರುಗಳಿವೆ. ಗದ್ದೆ, ಅಡಿಕೆಯ ತೋಟ, ಹಿರಿಯರು ನಡೆದಾಡಿದ ಅಂಗಳಗಳಿವೆ. 1940ರ ದಶಕದಲ್ಲಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟೂ ಅಲ್ಲಿಯೇ ಮುಳುಗಿದೆ. ಬೇಸಿಗೆಯಲ್ಲಿ ನೀರು ತೀರ ಇಳಿದಾಗ ಅದು ತಲೆಯೆತ್ತುತ್ತದೆ. ಮನೆ ಕಳೆದುಕೊಂಡವರು ಶಿವಮೊಗ್ಗ ಜಿಲ್ಲೆಯ ಬೇರೆಡೆಗಳಲ್ಲಿ ಕಾಡು ಕಡಿದು ಹೊಸ ಬಾಳು ಹೂಡಿದರು. ಆ ಭೂಮಿಗಳಲ್ಲಿ ಬಹಳಷ್ಟು ದಾಖಲೆಯಲ್ಲಿ ಅರಣ್ಯವಾಗಿಯೇ ಉಳಿದುದರಿಂದ, ಹಕ್ಕುಪತ್ರದ ಚಿಂತೆ ಮೊಮ್ಮಕ್ಕಳ ಕಾಲಕ್ಕೂ ಹರಿದು ಬಂದಿತು. ಹಿನ್ನೀರಿನಾಚೆ ಉಳಿದ ತುಮರಿ ಭಾಗದವರು ಸಾಗರಕ್ಕೆ ಬರಲು ದಶಕಗಳ ಕಾಲ ಲಾಂಚನ್ನೇ ನಂಬಬೇಕಾಯಿತು. ಸೇತುವೆ ತೆರೆದುದು 2025ರಲ್ಲಿ.

ಹಾಗಾದರೆ ಅಣೆಕಟ್ಟನ್ನು ನೋಡಿ ಸಂತೋಷಪಡುವುದು ತಪ್ಪೇ? ಒಬ್ಬರು ಹೇಳಬಹುದು: ಶರಾವತಿ ವಿದ್ಯುದಾಗಾರದ 1035 ಮೆಗಾವಾಟ್ ಸಾಮರ್ಥ್ಯ ನಾಡಿಗೆ ಬೆಳಕು ಕೊಟ್ಟಿತು, ಕಾರ್ಖಾನೆಗಳನ್ನು ನಡೆಸಿತು, ಕೆಲವರ ತ್ಯಾಗದಿಂದ ಬಹುಜನರಿಗೆ ಹಿತವಾಯಿತು. ಹಿತವಾದುದು ನಿಜ. ಆದರೆ ‘ತ್ಯಾಗ’ ಎಂಬ ಪದವನ್ನು ವಿವೇಚಿಸಬೇಕು. ತನ್ನದನ್ನು ತಾನಾಗಿ ಬಿಟ್ಟುಕೊಡುವುದು ತ್ಯಾಗ. ಬಿಡದೆ ಗತ್ಯಂತರವಿಲ್ಲದೆ ಬಿಟ್ಟದ್ದು ನಷ್ಟ. ಅನ್ಯರ ನಷ್ಟವನ್ನು ತ್ಯಾಗವೆಂದು ಕರೆದೊಡನೆ ಲಾಭ ಪಡೆದವನ ಮನಸ್ಸು ಹಗುರಾಗುತ್ತದೆ, ಕೊಡಬೇಕಾದುದು ಮಾತ್ರ ಹಾಗೆಯೇ ಉಳಿಯುತ್ತದೆ.

ಇನ್ನೊಬ್ಬರು ಕೇಳಬಹುದು: ಅಂದು ಹುಟ್ಟಿಯೇ ಇರದ ಪ್ರವಾಸಿ ಇದಕ್ಕೆ ಹೇಗೆ ಹೊಣೆ? ಇಲ್ಲಿ ಪಾಪಕ್ಕೂ ಋಣಕ್ಕೂ ಇರುವ ಅಂತರವನ್ನು ಗಮನಿಸಬೇಕು. ಮಾಡದ ಪಾಪ ಯಾರಿಗೂ ಅಂಟುವುದಿಲ್ಲ. ಆದರೆ ತಂದೆಯ ಅಂಗಡಿಯನ್ನು ವಹಿಸಿಕೊಂಡ ಮಗನು ಅದರ ಆಸ್ತಿಯನ್ನಷ್ಟೇ ಪಡೆದು ಸಾಲದ ಪುಟವನ್ನು ಹರಿಯುವಂತಿಲ್ಲ. ಸ್ವಿಚ್ಚು ಒತ್ತಿದಾಗ ಬೆಳಕನ್ನು ಪಡೆಯುವ ಪ್ರತಿಯೊಬ್ಬನ ಹೆಸರೂ ಆ ಪುಟದಲ್ಲಿದೆ. ಜಮೆಯನ್ನಷ್ಟೇ ಬರೆದು ಖರ್ಚನ್ನು ಬಿಟ್ಟ ಲೆಕ್ಕ ಎಷ್ಟು ಅಂದವಾಗಿದ್ದರೂ ಸುಳ್ಳು ಲೆಕ್ಕವೇ.

ಹಾಗೆಂದು ದಂಡೆಯ ಮೇಲೆ ನಿಂತು ಮರುಗಿ ಮನೆಗೆ ಮರಳಿದರೆ ಋಣ ತೀರದು. ಮರುಕವೂ ಒಂದು ಬಗೆಯ ವಿನೋದವಾಗಬಲ್ಲದು. ಮೊದಲನೆಯದಾಗಿ, ತಿಳಿಯಬೇಕು. ಅಣೆಕಟ್ಟಿನ ಉದ್ದಗಲವನ್ನು ಮಕ್ಕಳಿಗೆ ಹೇಳುವವರು ಮುಳುಗಿದ ಊರುಗಳ ಕಥೆಯನ್ನೂ ಹೇಳಲಿ, ನಾ. ಡಿಸೋಜರ ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳನ್ನು ಓದಿಸಲಿ. ಎರಡನೆಯದಾಗಿ, ಮಿತವಾಗಿ ಬಳಸಬೇಕು. ಉತ್ಸವದ ದೀಪಾಲಂಕಾರ ರಾತ್ರಿಯಿಡೀ ಉರಿಯಬೇಕೇ ಎಂದು ಬಸದಿಗಳ ಆಡಳಿತ ಮಂಡಳಿಗಳು ಕೇಳಿಕೊಳ್ಳಬಹುದು. ಮೂರನೆಯದಾಗಿ, ಸಂತ್ರಸ್ತರು ತಮ್ಮ ಹಕ್ಕನ್ನು ಕೇಳಿದಾಗ ‘ಇನ್ನೂ ಹಳೆಯ ಮಾತೇ?’ ಎಂದು ಮುಖ ತಿರುಗಿಸದೆ ಅವರ ಪರವಾಗಿ ನುಡಿಯಬೇಕು.

ನೋಡುವುದರಲ್ಲಿ ದೋಷವಿಲ್ಲ, ಅರ್ಧವನ್ನೇ ನೋಡಿ ಪೂರ್ಣವೆಂದು ಭಾವಿಸುವುದರಲ್ಲಿ ದೋಷವಿದೆ. ಮುಂದಿನ ಬಾರಿ ಯಾತ್ರೆಯ ಬಸ್ಸು ಆ ದಂಡೆಯ ಬಳಿ ನಿಂತಾಗ, ನೀರನ್ನು ನೋಡುವ ಕಣ್ಣು ಕ್ಷಣಕಾಲ ಅದರ ತಳವನ್ನೂ ನೆನೆಯಲಿ. ಮನೆಗೆ ಮರಳಿ ದೀಪ ಹಚ್ಚುವಾಗ ಆ ನೆನಪು ಕೈಯನ್ನು ಕೊಂಚ ತಡೆದರೆ ಪ್ರವಾಸ ಸಾರ್ಥಕ.