ರಜೆಗೆ ಕಾರಣ

ರಜಾ ಅರ್ಜಿ ಬರೆಯುವುದನ್ನು ನಾವೆಲ್ಲ ಶಾಲೆಯಲ್ಲೇ ಕಲಿತವರು. ಇಂದ, ಇವರಿಗೆ, ಮಾನ್ಯರೇ, ಆಮೇಲೆ ವಿಷಯ. ನೋಟ್‌ಬುಕ್ಕಿನಲ್ಲಿ ಮೇಷ್ಟ್ರು ಬರೆಸುತ್ತಿದ್ದ ಮಾದರಿಯಲ್ಲಿ ಕಾರಣ ಮಾತ್ರ ಒಂದೇ: ಜ್ವರ. ಅಕ್ಕನ ಮದುವೆ ಎಂಬ ಇನ್ನೊಂದು ಮಾದರಿಯೂ ಇತ್ತೆನ್ನಿ, ಆದರೆ ಅಕ್ಕನಿಗೆ ಎಷ್ಟು ಸಲ ಮದುವೆ ಮಾಡಲಾದೀತು? ಚಾಮರಾಜಪೇಟೆಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ 31 ವರ್ಷ ಕನ್ನಡ ಪಾಠ ಹೇಳಿದವಳು ನಾನು. ನನ್ನ ಕೈಗೆ ಬಂದ ಅರ್ಜಿಗಳನ್ನು ನಂಬುವುದಾದರೆ ನಮ್ಮ ಪೇಟೆಯ ಹುಡುಗಿಯರಿಗೆ ಬಂದಷ್ಟು ಜ್ವರ ಬೇರೆ ಯಾವ ಊರಿನವರಿಗೂ ಬಂದಿರಲಾರದು. ತಂಗಿಗೆ ವಾಂತಿಭೇದಿ, ಅಮ್ಮ ಅಗರಬತ್ತಿ ಹೊಸೆಯಲು ಕೂರಲೇಬೇಕು, ಹಾಗಾಗಿ ನಾನು ಮನೆಯಲ್ಲುಳಿದೆ ಎಂದು ಬರೆದುಕೊಟ್ಟ ಹುಡುಗಿ ಒಬ್ಬಳೂ ನೆನಪಿಗೆ ಬರುವುದಿಲ್ಲ. ಅದು ಕಾರಣವೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ತನ್ನ ಮೈ ಬಿಸಿಯಾದರೆ ಮಾತ್ರ ರಜೆ.

ಹಾಗೆ ನೋಡಿದರೆ ನಾವು ಉಪಾಧ್ಯಾಯಿನಿಯರು ಪುಣ್ಯವಂತರು. ವರ್ಷಕ್ಕೆ 15 ಸಿ.ಎಲ್. ಇತ್ತು. 'ಸ್ವಂತ ಕೆಲಸದ ನಿಮಿತ್ತ' ಎಂದು ಬರೆದರೆ ಮುಗಿಯಿತು. ಮಗುವಿನ ದಡಾರ, ಅತ್ತೆಯ ಕಣ್ಣಿನ ಆಪರೇಷನ್, ಕಡಲೆಕಾಯಿ ಪರಿಷೆ ನೋಡಲು ಬಂದಿಳಿದ ನೆಂಟರು, ಎಲ್ಲವೂ ಆ ಎರಡು ಮಾತಿನ ಸೆರಗಿನೊಳಗೆ ಅಡಗುತ್ತಿತ್ತು. ನಾವು ಸುಳ್ಳು ಹೇಳುವ ಪ್ರಮೇಯವೇ ಬರಲಿಲ್ಲ. ಅದು ನಮ್ಮ ಗುಣವೋ ಆ ರಜೆಯ ಗುಣವೋ ಎಂಬ ಪ್ರಶ್ನೆ ನನ್ನನ್ನು ಕಾಡತೊಡಗಿದ್ದು 2023ರ ಮಳೆಗಾಲದಿಂದ.

ನಮ್ಮ ವಠಾರದ ಕೊನೆಯ ಮನೆಯಲ್ಲಿ ಒಬ್ಬ ಹೆಣ್ಣುಮಗಳಿದ್ದಾಳೆ. ಮೈಸೂರು ರಸ್ತೆಯ ಕಡೆಯ ಗಾರ್ಮೆಂಟ್ಸ್ ಒಂದರಲ್ಲಿ ಟೈಲರ್. ಆಗ ಅವಳು ಕೆಲಸಕ್ಕೆ ಸೇರಿ 11 ವರ್ಷವಾಗಿತ್ತು. ಗಂಡ ಬಾಡಿಗೆ ಆಟೋ ಓಡಿಸುತ್ತಾನೆ. ಆ ಮಳೆಗಾಲದಲ್ಲಿ ಅವರ ಆರು ವರ್ಷದ ಮಗನಿಗೆ ಡೆಂಗ್ಯೂ ಬಂತು. ಇವಳಿಗೆ ಇ.ಎಸ್.ಐ. ಇದ್ದದ್ದರಿಂದ ಮಗುವನ್ನು ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಗೆ ಸೇರಿಸಿದರು. ಚೆನ್ನಾಗಿಯೇ ನೋಡಿಕೊಂಡರು. ರಕ್ತ ಪರೀಕ್ಷೆ, ಡ್ರಿಪ್ಪು, ಹಾಸಿಗೆ ಯಾವುದಕ್ಕೂ ಒಂದು ಪೈಸೆ ಕೊಡಬೇಕಾಗಲಿಲ್ಲ. ಆದರೆ ಮಗುವಿನ ಪಕ್ಕದಲ್ಲಿ ಹಗಲೂ ರಾತ್ರಿ ಯಾರಾದರೂ ಇರಲೇಬೇಕು. ಆರು ವರ್ಷದ ಮಗು ಅಮ್ಮನನ್ನಲ್ಲದೆ ಇನ್ನಾರನ್ನು ಕೇಳುತ್ತದೆ?

ಗಂಡ ಕೂರಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅವನು ಎರಡು ರಾತ್ರಿ ಕೂತ. ಆಟೋ ಓಡಲಿ ಬಿಡಲಿ, ಅದರ ದಿನಬಾಡಿಗೆ ಕೊಡಲೇಬೇಕು. ಮೂರನೆಯ ದಿನ ಅತ್ತಿಗೆಯನ್ನು ಎರಡು ಗಂಟೆ ಮಗುವಿನ ಹತ್ತಿರ ಕೂರಿಸಿ, ಇವಳು ತಮ್ಮ ಡಿಸ್ಪೆನ್ಸರಿಗೆ ಹೋಗಿ 'ಬೆನ್ನುನೋವು ಡಾಕ್ಟ್ರೇ, ಕೂರೋಕಾಗ್ತಿಲ್ಲ' ಎಂದಳು. ಡಾಕ್ಟರು ಒತ್ತಿ ನೋಡಿ ಒಂದು ವಾರ ರೆಸ್ಟ್ ಬರೆದುಕೊಟ್ಟರು. ಆ ಒಂದು ವಾರದ ಸಿಕ್ ಬೆನಿಫಿಟ್ ಕೆಲವು ದಿನದ ಮೇಲೆ ಅವಳ ಬ್ಯಾಂಕಿನ ಖಾತೆಗೆ ಬಂತು. ಬಂದ ದಿನ ಸಂಜೆ ನಮ್ಮ ಜಗಲಿಯ ಮೇಲೆ ಕೂತು ಕೇಳಿದಳು: "ಅಮ್ಮಾ, ನೀವು ಟೀಚರ್ ಆಗಿದ್ದೋರು. ನಾನು ಮಾಡಿದ್ದು ಸುಳ್ಳಾ?"

ಬೆನ್ನುನೋವೇನೋ ನಿಜವೇ. ಹನ್ನೊಂದು ವರ್ಷ ದಿನಕ್ಕೆಂಟು ಗಂಟೆ ಮಿಷನ್ನಿನ ಮುಂದೆ ಬಗ್ಗಿ ಕೂತವಳ ಬೆನ್ನು ನೋಯದೆ ಇನ್ನೇನು? ಆದರೆ ಅವಳು ರಜೆ ಹಾಕಿದ್ದು ಬೆನ್ನಿಗಲ್ಲ, ಮಗನಿಗೆ. ನಿಜವನ್ನೇ ಆಡಿದ್ದಳು, ನಿಜವನ್ನು ಮುಚ್ಚುವುದಕ್ಕೆ.

ಇ.ಎಸ್.ಐ. ಬಗ್ಗೆ ಗೊತ್ತಿಲ್ಲದವರಿಗಾಗಿ ನಾಲ್ಕು ಮಾತು. 1948ರ ಕಾಯ್ದೆಯಿಂದ ಹುಟ್ಟಿದ್ದು ಇದು. ಆ ಕಾಯ್ದೆಯನ್ನು ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿಸಿದ್ದಾರೆ. 1952ರಲ್ಲಿ ಕಾನ್ಪುರ ಮತ್ತು ದೆಹಲಿಯಲ್ಲಿ ಶುರುವಾಗಿ 1958ರಲ್ಲಿ ಬೆಂಗಳೂರಿಗೆ ಬಂತು. 2019ರ ಜುಲೈನಿಂದ ಕೆಲಸಗಾರರ ಸಂಬಳದಲ್ಲಿ ನೂರಕ್ಕೆ ಮುಕ್ಕಾಲು ರೂಪಾಯಿ ಹಿಡಿಯುತ್ತಾರೆ, ಮಾಲೀಕರು ನೂರಕ್ಕೆ ಮೂರೂಕಾಲು ರೂಪಾಯಿ ಸೇರಿಸುತ್ತಾರೆ. ಇವಳಿಗೆ ಆಗ 12,000 ಸಂಬಳ. ತಿಂಗಳಿಗೆ ಇವಳಿಂದ 90 ರೂಪಾಯಿ, ಕಂಪನಿಯಿಂದ 390. ಆರು ತಿಂಗಳಲ್ಲಿ 78 ದಿನದ ವಂತಿಗೆ ಕಟ್ಟಿದ್ದರೆ, ಕಾಯಿಲೆಯ ದಿನಗಳಿಗೆ ಕೂಲಿಯ ನೂರಕ್ಕೆ 70 ಪಾಲು ಸಿಗುತ್ತದೆ, ವರ್ಷಕ್ಕೆ 91 ದಿನದವರೆಗೆ. ಮೊದಲ ಎರಡು ದಿನಕ್ಕೆ ಮಾತ್ರ ಏನೂ ಇಲ್ಲ. ಇವಳ ಏಳು ದಿನದಲ್ಲಿ ಐದು ದಿನದ್ದು, ಹೆಚ್ಚೂಕಡಿಮೆ 1,600 ರೂಪಾಯಿ ಬಂತು.

ನಮ್ಮ ಭಾವ ಪೀಣ್ಯದ ಕಾರ್ಖಾನೆಯೊಂದರಲ್ಲಿ ಪರ್ಸನಲ್ ಆಫೀಸರ್ ಆಗಿದ್ದವರು. ಅವರ ಮುಂದೆ ಈ ಮಾತು ತೆಗೆದೆ. "ಯುಗಾದಿಯ ಹಿಂದುಮುಂದು ನಮ್ಮಲ್ಲಿ ಎಲ್ಲರಿಗೂ ಬೆನ್ನುನೋವು. ಊರ ಜಾತ್ರೆಗೆ ಬೆನ್ನುನೋವು, ರಾಗಿ ಕೊಯ್ಲಿಗೆ ಬೆನ್ನುನೋವು" ಎಂದು ನಕ್ಕರು. ಆಮೇಲೆ ನಗದೆ ಇನ್ನೊಂದು ಮಾತು ಹೇಳಿದರು: "ಅದು ಸರ್ಕಾರದ ದುಡ್ಡಲ್ಲ ಕಣಮ್ಮ, ಕೆಲಸಗಾರರದ್ದೇ ಗಂಟು. ಕ್ಷಯ, ಕ್ಯಾನ್ಸರ್ ಅಂಥ 34 ದೊಡ್ಡ ಕಾಯಿಲೆಗಳಿಗೆ ಎರಡು ವರ್ಷದವರೆಗೂ ನೂರಕ್ಕೆ 80ರಂತೆ ಅದರಿಂದಲೇ ಕೊಡೋದು. ಇವಳು ತಗೊಂಡಿದ್ದು ಅಂಥವರ ತಟ್ಟೆಯಿಂದ."

ಈ ಮಾತನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. 'ಹನ್ನೊಂದು ವರ್ಷ ಕಟ್ಟಿದ್ದಾಳೆ, ಒಮ್ಮೆಯೂ ತೆಗೆದುಕೊಂಡಿರಲಿಲ್ಲ, ಅವಳ ದುಡ್ಡು ಅವಳಿಗೆ' ಎಂದು ನನ್ನ ಸೊಸೆ ವಾದಿಸಿದಳು. ಅದು ಚೀಟಿ ಹಾಕಿದವರ ಲೆಕ್ಕ. ಚೀಟಿಯಲ್ಲಿ ಒಂದಲ್ಲ ಒಂದು ತಿಂಗಳು ಎಲ್ಲರ ಹೆಸರೂ ಬರಬೇಕು, ಬಾರದಿದ್ದರೆ ಜಗಳವಾಗುತ್ತದೆ. ಇಲ್ಲಿ ಹಾಗಲ್ಲ, ನನ್ನ ಹೆಸರು ಬಾರದಿರಲಿ ಎಂದು ಎಲ್ಲರೂ ಹರಕೆ ಹೊರುವ ಚೀಟಿ ಇದು. ಕಟ್ಟಿದ್ದು ಹಿಂದಕ್ಕೆ ಬರಲಿಲ್ಲವೆಂದರೆ ನಷ್ಟವಲ್ಲ, ದೇವರ ದಯೆ. ಆದ್ದರಿಂದ ಕಟ್ಟಿದ್ದೇನೆ ಎಂಬುದೊಂದೇ ಸಾಕಾಗುವುದಿಲ್ಲ. ಕಷ್ಟ ಬಂದಿರಬೇಕು. ಅವಳಿಗೆ ಬಂದಿತ್ತು. ಕಾಯ್ದೆಯ ಪಟ್ಟಿಯಲ್ಲಿ ಇಲ್ಲದ ಕಷ್ಟ ಬಂದಿತ್ತು, ಅಷ್ಟೆ.

ಪಟ್ಟಿಯಲ್ಲಿ ಏಕಿಲ್ಲ? 1944ರಲ್ಲಿ ಪ್ರೊಫೆಸರ್ ಬಿ.ಪಿ. ಅಡಾರ್ಕರ್ ಈ ಯೋಜನೆಯ ವರದಿ ಕೊಟ್ಟಾಗ ಅವರ ಕಣ್ಣ ಮುಂದಿದ್ದದ್ದು ಬಟ್ಟೆ ಗಿರಣಿ, ಎಂಜಿನಿಯರಿಂಗ್, ಲೋಹದ ಕಾರ್ಖಾನೆಗಳು. ನಮ್ಮ ಕಡೆಯ ಹಳಬರಿಗೆ ಬಿನ್ನಿ ಮಿಲ್ಲಿನ ಸೈರನ್ ನೆನಪಿರಬಹುದು. ಮಲ್ಲೇಶ್ವರದವರಿಗೆ ರಾಜಾ ಮಿಲ್. ಅಂಥ ಗೇಟುಗಳೊಳಗೆ ಹೋಗುತ್ತಿದ್ದವರಲ್ಲಿ ಹೆಚ್ಚಿನವರು ಗಂಡಸರು. ಅವನಿಗೆ ಜ್ವರ ಬಂದರೆ ಗಂಜಿ ಕಾಯಿಸಲು ಮನೆಯಲ್ಲಿ ಒಬ್ಬಳಿದ್ದಳು, ಮಗುವಿಗೆ ಜ್ವರ ಬಂದರೂ ಅವಳೇ ಇದ್ದಳು. ಹಾಗಾಗಿ ಕೆಲಸಗಾರನ ಕಾಯಿಲೆ ಎಂದರೆ ಅವನೊಬ್ಬನ ಮೈಯ ಕಾಯಿಲೆ ಎಂದು ಬರೆದರೆ ಸಾಕಾಗಿತ್ತು. ಈಗ ಆ ಗಂಜಿ ಕಾಯಿಸುವವಳೇ ಗೇಟಿನೊಳಗೆ ಹೋಗಿದ್ದಾಳೆ. ಬೆಂಗಳೂರಿನ ಗಾರ್ಮೆಂಟ್ಸ್‌ಗಳಲ್ಲಿ ಹೆಚ್ಚಿನವರು ಹೆಂಗಸರು. ಬರಹ ಮಾತ್ರ ಆಗಿನದೇ.

ಇದರಲ್ಲೊಂದು ವಿಚಿತ್ರವಿದೆ. ಔಷಧಿಯ ವಿಷಯಕ್ಕೆ ಬಂದಾಗ ಇ.ಎಸ್.ಐ.ಗೆ ಇವಳ ಮಗ ಯಾರೆಂದು ಚೆನ್ನಾಗಿ ಗೊತ್ತು. ಕಾರ್ಡಿನಲ್ಲಿ ಅವನ ಹೆಸರಿದೆ, ಫೋಟೋ ಇದೆ. ಹಾಸಿಗೆ ಕೊಡುತ್ತದೆ, ಡ್ರಿಪ್ಪು ಹಾಕುತ್ತದೆ. ಆ ಡ್ರಿಪ್ಪು ಹಾಕಿದ ಕೈಯನ್ನು ಅಲುಗದಂತೆ ಹಿಡಿದು ಕೂತವಳ ದಿನಗಳು ಮಾತ್ರ ಅದಕ್ಕೆ ಕಾಣುವುದಿಲ್ಲ. ಇನ್ನು, ಸಿಕ್ ಬೆನಿಫಿಟ್ ಪಡೆಯುವವರು ಗುಣವಾಗುವುದಕ್ಕೆ ಅಡ್ಡಿಯಾಗುವಂಥ ಏನನ್ನೂ ಮಾಡಬಾರದು ಎಂದು 1948ರ ಕಾಯ್ದೆಯ 64ನೇ ಕಲಮಿನಲ್ಲಿತ್ತು. ನೋಯುವ ಬೆನ್ನಿಟ್ಟುಕೊಂಡು ಆಸ್ಪತ್ರೆಯ ನೆಲದ ಮೇಲೆ ಐದು ರಾತ್ರಿ ಮಲಗಿದಳಲ್ಲ, ಅದು ಆ ಲೆಕ್ಕಕ್ಕೆ ಸೇರುತ್ತದೋ ಏನೋ. ಸುಳ್ಳು ಹೇಳಿ ಬೆನಿಫಿಟ್ ಪಡೆದರೆ ಆರು ತಿಂಗಳವರೆಗೆ ಜೈಲು, ಅಥವಾ 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಎಂದು ಅದೇ ಕಾಯ್ದೆಯ 84ನೇ ಕಲಮು ಹೇಳುತ್ತಿತ್ತು. ಅವಳಿಗೆ ಈ ಕಲಮುಗಳು ಗೊತ್ತಿರಲಿಲ್ಲ. ಆದರೂ ಹೆದರಿದ್ದಳು.

ಅದೇ ವಿಧಾನಸೌಧದಲ್ಲಿ ಕೆಲಸ ಮಾಡುವ ತಾಯಿಯ ಮಾತು ಬೇರೆ. ಕೇಂದ್ರ ಸರ್ಕಾರ 2008ರಲ್ಲಿ ತನ್ನ ಮಹಿಳಾ ನೌಕರರಿಗೆ ಸೇವಾವಧಿಯಲ್ಲಿ ಒಟ್ಟು 730 ದಿನದ ಶಿಶುಪಾಲನಾ ರಜೆ ಕೊಟ್ಟಿತು. ಕರ್ನಾಟಕ ಸರ್ಕಾರ 2021ರಲ್ಲಿ ತನ್ನವರಿಗೆ 180 ದಿನ ಕೊಟ್ಟಿತು. ಕೇಂದ್ರದ ರಜೆಯನ್ನು ಮಗುವಿನ ಕಾಯಿಲೆಗಷ್ಟೇ ಅಲ್ಲ, ಪರೀಕ್ಷೆಗೂ ಹಾಕಬಹುದು. ಸ್ವೀಡನ್ನಿನಲ್ಲಂತೂ 1974ರಿಂದಲೇ ಕಾಯಿಲೆಯ ಮಗುವನ್ನು ನೋಡಿಕೊಳ್ಳಲು ಮನೆಯಲ್ಲುಳಿದ ತಾಯಿಗೋ ತಂದೆಗೋ ವಿಮೆಯಿಂದ ಹಣ ಸಿಗುತ್ತದೆ. ಸರ್ಕಾರಿ ಕಚೇರಿಯ ತಾಯಿ ಅರ್ಜಿಯಲ್ಲಿ 'ಮಗನಿಗೆ ಡೆಂಗ್ಯೂ' ಎಂದು ಬರೆಯುತ್ತಾಳೆ, ವಠಾರದ ತಾಯಿ 'ಬೆನ್ನುನೋವು' ಎನ್ನುತ್ತಾಳೆ. ಮೊದಲನೆಯವಳು ಎರಡನೆಯವಳಿಗಿಂತ ಹೆಚ್ಚು ಸತ್ಯವಂತೆಯೇ? ನಾನು ಒಪ್ಪಲಾರೆ. ಇವರಿಬ್ಬರಿಗಿಂತಲೂ ಕೆಳಗೆ, ಮನೆಯಲ್ಲೇ ಕೂತು ಅಗರಬತ್ತಿ ಹೊಸೆಯುವವರು, ನಮ್ಮ ನಿಮ್ಮ ಮನೆಯ ಪಾತ್ರೆ ತೊಳೆಯುವವರು ಇದ್ದಾರೆ. ಇ.ಎಸ್.ಐ. ಅವರನ್ನು ಮುಟ್ಟಿಲ್ಲ. ಅವರಿಗೆ ಸುಳ್ಳು ಹೇಳುವುದಕ್ಕೂ ಒಂದು ಕೌಂಟರಿಲ್ಲ.

ಸತ್ಯದ ಮಾತು ಬಂದರೆ ನಮ್ಮ ಬಾಯಿಗೆ ಮೊದಲು ಬರುವುದು ಪುಣ್ಯಕೋಟಿ. ಎಷ್ಟೋ ವರ್ಷ ಅದನ್ನು ಪಾಠ ಮಾಡಿ, ಹುಡುಗಿಯರ ಕಣ್ಣಲ್ಲಿ ನೀರು ಬರುವುದನ್ನು ನೋಡಿದ್ದೇನೆ. ಅವಳು ಕೊಟ್ಟ ಮಾತಿಗೆ ತಪ್ಪದೆ ಹಿಂದಿರುಗಿದ್ದನ್ನೇ ನಾವೆಲ್ಲ ದೊಡ್ಡದು ಮಾಡುತ್ತೇವೆ, ಮಾಡಬೇಕಾದ್ದೇ. ಆದರೆ ಅವಳು ಹುಲಿಯನ್ನು ಕೇಳಿದ್ದು ಏನು? ಮಗುವಿಗೆ ಹಾಲೂಡಿಸಿ ಬರುತ್ತೇನೆ, ಅಷ್ಟು ಹೊತ್ತು ಬಿಡು ಎಂದು. ಕಾರಣವನ್ನು ಇದ್ದಂತೆ ಹೇಳಿದಳು, ಹುಲಿ ಕೊನೆಗೂ ನಂಬಿ ಬಿಟ್ಟಿತು. ಕಂದನ ಹಸಿವು ಕಾರಣವಲ್ಲ, ನಿನ್ನದೇ ಕಾಲು ಮುರಿದಿದ್ದರೆ ಹೇಳು ಎಂದು ಆ ಹುಲಿ ಕೇಳಿದ್ದರೆ ಪುಣ್ಯಕೋಟಿ ಏನು ಮಾಡುತ್ತಿದ್ದಳು? ಕುಂಟಿಕೊಂಡು ಹೋಗುತ್ತಿರಲಿಲ್ಲವೇ?

ಹಾಗಾದರೆ ಸುಳ್ಳಿನಿಂದ ಯಾರಿಗೂ ಕೆಡುಕಿಲ್ಲವೇ? ಇದೆ. ಆದರೆ ಆ ಕೆಡುಕು ನಮ್ಮ ಭಾವ ಹೇಳಿದ ಕಡೆ ಇಲ್ಲ. ಆ ಏಳು ದಿನಗಳು ಇ.ಎಸ್.ಐ. ದಾಖಲೆಯಲ್ಲಿ ಬೆನ್ನುನೋವಾಗಿ ಹೋದವು. ಮಗನ ಡೆಂಗ್ಯೂ ಆಸ್ಪತ್ರೆಯ ಪುಸ್ತಕದಲ್ಲಿದೆ, ತಾಯಿಯ ಬೆನ್ನು ಡಿಸ್ಪೆನ್ಸರಿಯ ಪುಸ್ತಕದಲ್ಲಿದೆ, ಎರಡಕ್ಕೂ ಸಂಬಂಧವಿದೆಯೆಂದು ಯಾವ ಪುಸ್ತಕದಲ್ಲೂ ಇಲ್ಲ. ಹೀಗೆ ಊರಿನ ತಾಯಂದಿರ ಎಷ್ಟು ದಿನಗಳು ಬೆನ್ನುನೋವು, ತಲೆಸುತ್ತು, ವಾಂತಿ ಎಂಬ ಹೆಸರಿನಲ್ಲಿ ಬಿದ್ದಿವೆಯೋ! ನಿಯಮ ಮಾಡುವವರು ಲೆಕ್ಕ ತೆಗೆಸಿದರೆ, ಮಕ್ಕಳ ಕಾಯಿಲೆಗೆಂದು ಯಾರೂ ರಜೆ ಕೇಳಿಯೇ ಇಲ್ಲ ಎಂದೇ ಬರುತ್ತದೆ. ಅವಳ ಸುಳ್ಳಿನಿಂದ ಕ್ಯಾನ್ಸರ್ ರೋಗಿಯ ತಟ್ಟೆಯೇನೂ ಬರಿದಾಗಲಿಲ್ಲ. ಮುಂದಿನ ಸಲ ಇನ್ನೊಬ್ಬಳು ತಾಯಿಗೆ ಬೇಕಾಗುವ ಸಾಕ್ಷಿ ಮಾತ್ರ ಇಲ್ಲವಾಯಿತು.

ಆದರೆ ಆ ಸಾಕ್ಷಿಯನ್ನು ಅವಳೊಬ್ಬಳೇ, ಮಗು ಹಾಸಿಗೆ ಹಿಡಿದಿರುವಾಗ, ಏಳು ದಿನದ ಕೂಲಿ ಬಿಟ್ಟು ಹೇಳಬೇಕಿತ್ತೆಂದು ಕೇಳುವ ಹಕ್ಕು ನನಗಿದೆಯೇ? 'ಸ್ವಂತ ಕೆಲಸದ ನಿಮಿತ್ತ' ಎಂದು ಬರೆದು ಸಂಬಳ ತೆಗೆದುಕೊಂಡವಳು ನಾನು. ಅದಕ್ಕೇ ಅವಳಿಗೆ ಹೌದು ಎಂದೂ ಹೇಳಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. "ನಿನ್ನ ಲೈನಿನಲ್ಲಿ ಇನ್ನೆಷ್ಟು ಜನಕ್ಕೆ ಇಂಥ ಬೆನ್ನುನೋವು ಬಂದಿದೆ, ಕೇಳಿದ್ದೀಯಾ?" ಎಂದೆ. ನಕ್ಕಳು. "ಕೇಳೋದೇನಮ್ಮಾ, ಎಲ್ಲರಿಗೂ ಗೊತ್ತು" ಎಂದಳು.

2016ರ ಏಪ್ರಿಲ್‌ನಲ್ಲಿ ಪಿ.ಎಫ್. ದುಡ್ಡು ತೆಗೆಯುವ ನಿಯಮವನ್ನು ಸರ್ಕಾರ ಬಿಗಿ ಮಾಡಲು ಹೊರಟಾಗ ಈ ಊರಿನ ಗಾರ್ಮೆಂಟ್ಸ್ ಹೆಂಗಸರು ಸಾವಿರಾರು ಜನ ಮಿಷನ್ ಬಿಟ್ಟು ರಸ್ತೆಗಿಳಿದಿದ್ದರು. ಎರಡು ದಿನ ಊರು ನಿಂತಿತು, ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂದಕ್ಕೆ ಪಡೆಯಿತು. ಅವಳೂ ಆ ಗುಂಪಿನಲ್ಲಿದ್ದಳಂತೆ. ಅದನ್ನು ನೆನಪಿಸಿ, ಇದಕ್ಕೇಕೆ ಯಾರೂ ಹಾಗೆ ಹೊರಡುವುದಿಲ್ಲ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು:

"ಪಿ.ಎಫ್. ಎಲ್ಲರಿಗೂ ಒಂದೇ ದಿನ ನಿಲ್ಲಿಸ್ತೀವಿ ಅಂದ್ರಲ್ಲಮ್ಮಾ. ಮಕ್ಕಳ ಜ್ವರ ಹಂಗಲ್ಲ. ಒಬ್ಬೊಬ್ಬರ ಮನೇಲಿ ಒಂದೊಂದು ದಿನ ಬರುತ್ತೆ."