ಒಂದೇ ಒಂದು ಗಿಡ ತಾನೆ?

ಜೀವನದಲ್ಲಿ ಒಂದು ಸಲ ನಾನು ಕಳ್ಳತನದ ಅಂಚಿಗೆ ಹೋಗಿ ವಾಪಸ್ ಬಂದಿದ್ದೀನಿ. ಕದಿಯೋಕೆ ಹೊರಟಿದ್ದು ಒಂದು ಹೂವಿನ ಗಿಡ.

ಆಗ ಆಫೀಸಿನವರು ನನ್ನನ್ನು ಎರಡು ವರ್ಷ ಅಮೆರಿಕದ ಮಿನ್ನೆಸೋಟಾಕ್ಕೆ ಕಳಿಸಿದ್ದರು. ನಾನು ಮಧುಗಿರಿ ತಾಲ್ಲೂಕಿನ ಬೆಟ್ಟದ ಬುಡದ ಹಳ್ಳಿಯವನು. ನಮ್ಮ ಕಡೆ ಚಳಿ ಅಂದ್ರೆ ಧನುರ್ಮಾಸದಲ್ಲಿ ಒಂದು ಕಂಬಳಿ, ಬೆಳಿಗ್ಗೆ ಸ್ವಲ್ಪ ಬೆಂಕಿ ಕಾಯಿಸೋದು, ಅಷ್ಟೇ. ಅಲ್ಲಿ ಜನವರಿಯಲ್ಲಿ ಮೈನಸ್ 25 ಡಿಗ್ರಿ. ಅಂಥ ಊರಲ್ಲಿ ನಮ್ಮ ಟೀಮಿನ ಹಿರಿಯರೊಬ್ಬರು ಮನೆ ಹಿತ್ತಲಿನ ಬಯಲಲ್ಲೇ ಆರ್ಕಿಡ್ ಬೆಳೆಸ್ತಿದ್ರು! ನನಗೆ ಗೊತ್ತಿದ್ದ ಆರ್ಕಿಡ್ ಅಂದ್ರೆ ಬೆಂಗಳೂರಿನ ಮದುವೆ ಸ್ಟೇಜಿನ ನೇರಳೆ ಹೂವು, ಬಿಟ್ಟರೆ ಮಲೆನಾಡಿನವರು ಹೇಳೋ ಸೀತಾಳೆ ದಂಡೆ. ಹಿಮ ತಗುಲಿದರೆ ಅವೆರಡೂ ಮುಗೀತು. ಇವರದ್ದು ನೆಲದಲ್ಲಿ ಬೆಳೆಯೋ ಬೇರೆ ಜಾತಿ, ಸಿಪ್ರಿಪೀಡಿಯಂ. ಹೂವಿನ ಒಂದು ದಳ ಉಬ್ಬಿ ಮಕ್ಕಳ ಚಪ್ಪಲಿಯ ಮೂತಿ ಥರ ಕಾಣುತ್ತೆ. ಅದಕ್ಕೇ ಇದನ್ನ ಸ್ಲಿಪ್ಪರ್ ಆರ್ಕಿಡ್ ಅಂತಾರೆ.

ಅವರು ಗಿಡ ನೆಡೋದನ್ನ ನಾನು ನೋಡಿದ್ದೆ. ಎಲೆ ಉದುರೋ ಕಾಲದಲ್ಲಿ ನರ್ಸರಿಯಿಂದ ಮಣ್ಣಿಲ್ಲದ ಬರೀ ಬೇರು ಬಂತು. ನೀರು ನಿಲ್ಲದ ಹಾಗೆ ಸಣ್ಣ ಕಲ್ಲು ಬೆರೆಸಿದ ಮಣ್ಣು. ಅದರ ಮೇಲೆ ಬೇರನ್ನ ನಕ್ಷತ್ರದ ಹಾಗೆ ಹರಡಿ, ಮೊಳಕೆ ಎರಡು ಮೂರು ಸೆಂಟಿಮೀಟರಿಗಿಂತ ಆಳ ಹೋಗದ ಹಾಗೆ ಮುಚ್ಚಿದರು. ಬೆಳಗಿನ ಬಿಸಿಲು ಬೀಳೋ, ಮಧ್ಯಾಹ್ನ ನೆರಳಾಗೋ ಜಾಗ. ಮೇಲೊಂದು ಪದರ ಒಣಗಿದೆಲೆ. ಆಮೇಲೆ ಹಿಮ ಬಿದ್ದು ಅದೇ ಕಂಬಳಿಯಾಗುತ್ತೆ. ಈ ಗಿಡಕ್ಕೆ ಪ್ರತಿ ವರ್ಷ ಮೂರು ತಿಂಗಳಾದರೂ ಸೊನ್ನೆಯ ಆಸುಪಾಸಿನ ಚಳಿ ಬೇಕೇ ಬೇಕು. ಸಿಗದಿದ್ದರೆ ಸರಿಯಾಗಿ ಮೊಳಕೆ ಏಳಲ್ಲ, ವರ್ಷದಿಂದ ವರ್ಷಕ್ಕೆ ಸೊರಗಿ ಸಾಯುತ್ತೆ.

ಬೀಜ ಅಂತೂ ಧೂಳಿನಷ್ಟು ಸಣ್ಣದು. ಒಳಗೆ ಬುತ್ತಿ ಕಟ್ಟಿಕೊಂಡು ಬಂದಿರಲ್ಲ. ಮಣ್ಣಲ್ಲಿರೋ ಒಂದು ಜಾತಿಯ ಶಿಲೀಂಧ್ರ ಊಟ ಕೊಟ್ಟರೆ ಮಾತ್ರ ಬದುಕುತ್ತೆ. ಕಾಡಿನಲ್ಲಿ ಮೊದಲ ಹೂವಿಗೆ 16 ವರ್ಷ ಹಿಡಿದರೂ ಹಿಡೀಬಹುದು. ನರ್ಸರಿಯವರು ಲ್ಯಾಬಿನ ಬಾಟಲಿಯಲ್ಲಿ ಬೀಜ ಮೊಳೆಯಿಸಿ ವರ್ಷಗಟ್ಟಲೆ ಸಾಕಿ ಮಾರ್ತಾರೆ. ಹಾಗಾಗಿ ರೇಟು ಜೋರು.

ಮುಂದಿನ ಜೂನ್‌ನಲ್ಲಿ ನಾನೊಬ್ಬನೇ ಕಾರಲ್ಲಿ ಉತ್ತರದ ಕಡೆ ಹೋಗ್ತಿದ್ದೆ. ರಸ್ತೆ ಪಕ್ಕದ ಜೌಗು ತಗ್ಗಿನಲ್ಲಿ ಅದೇ ಹೂವು, ಗುಲಾಬಿ ಚಪ್ಪಲಿ, ಬಿಳಿ ದಳ. ಒಂದಲ್ಲ, ನೂರಾರು. ಡಿಕ್ಕಿಯಲ್ಲಿ ಚಳಿಗಾಲದಿಂದ ಬಿದ್ದಿದ್ದ ಸಣ್ಣ ಸಲಿಕೆ ಇತ್ತು. ಇಳಿದೆ.

ಅದು ಆ ರಾಜ್ಯದ ಅಧಿಕೃತ ಹೂವು, 1902ರಿಂದ. ಕೀಳಬಾರದು ಅಂತ ಕಾನೂನು ಬಂದದ್ದು 1925ರಲ್ಲಿ. ಎರಡೂ ನನಗೆ ಗೊತ್ತಿತ್ತು. ಆದರೂ ತಲೆಯೊಳಗಿನ ವಕೀಲ ವಾದ ಶುರು ಮಾಡಿದ: 'ನೂರಾರು ಇವೆ, ಒಂದೇ ಒಂದು ಗಿಡ ತಾನೆ? ನಾಳೆ ಹುಲ್ಲು ಕೊಯ್ಯೋ ಮೆಷಿನ್ ಹೇಗೂ ಇದರ ಮೇಲೇ ಹೋಗುತ್ತೆ. ನೀನಾದ್ರೆ ಪ್ರೀತಿಯಿಂದ ನೋಡ್ಕೋತೀಯ.'

ಇದೇ ವಾದ ಇಂಗ್ಲೆಂಡಿನಲ್ಲಿ ಗೆದ್ದಿತ್ತು. ಅಲ್ಲಿನ ಹಳದಿ ಚಪ್ಪಲಿಯ ಜಾತಿಯನ್ನ ಹೂಪ್ರೇಮಿಗಳೇ ಒಂದೊಂದಾಗಿ ಕಿತ್ತು ಮುಗಿಸಿದರು. 1917ರಲ್ಲಿ ಅದು ನಿರ್ನಾಮ ಆಯ್ತು ಅಂದರು. 1930ರಲ್ಲಿ ಯಾರ್ಕ್‌ಷೈರ್‌ನಲ್ಲಿ ಒಂದೇ ಗಿಡ ಸಿಕ್ಕಿತು. ಜಾಗ ಗುಟ್ಟಾಗಿಟ್ಟು ದಶಕಗಟ್ಟಲೆ ಅದನ್ನ ಕಾದರು. ಆಮೇಲೆ ಕ್ಯೂ ಸಸ್ಯೋದ್ಯಾನದವರು ಬೀಜದಿಂದ ಸಸಿ ಮಾಡಿ ಕಾಡಿಗೆ ವಾಪಸ್ ನೆಟ್ಟರು. ನಮ್ಮ ದಕ್ಷಿಣದ ಅಗಸ್ತ್ಯಮಲೆಯಲ್ಲೂ ಒಂದು ಸ್ಲಿಪ್ಪರ್ ಆರ್ಕಿಡ್ ಇದೆ, ಚಳಿ ಬೇಡದ ಬೇರೆ ಕುಲದ್ದು. ಅದರ ಕಥೆಯೂ ಇದೇ. ಕಿತ್ತವರಲ್ಲಿ ಯಾರೂ ಗಿಡವನ್ನ ದ್ವೇಷಿಸಿದವರಲ್ಲ.

ಆದರೆ ಅವತ್ತು ನನ್ನ ಕೈ ತಡೆದದ್ದು ಇಂಗ್ಲೆಂಡಲ್ಲ, ನಮ್ಮಜ್ಜಿ. ಅಜ್ಜಿ ಬೆಟ್ಟಕ್ಕೆ ಹೋಗಿ ಮಾಗಳಿ ಬೇರು ಅಗೆದು ತಂದು ಸಂತೆಯಲ್ಲಿ ಮಾರ್ತಿದ್ಲು. ನನ್ನ ಹೈಸ್ಕೂಲಿನ ಫೀಸಿನಲ್ಲಿ ಹುಣಸೆಹಣ್ಣಿನ ದುಡ್ಡೂ ಇತ್ತು, ಆ ಬೇರಿನ ದುಡ್ಡೂ ಇತ್ತು. ಒಂದ್ಸಲ ಜೊತೆಗೆ ಹೋದಾಗ ನಾನು ಹುಮ್ಮಸ್ಸಿನಲ್ಲಿ ಇಡೀ ಬುಡ ಎಬ್ಬಿಸಿಬಿಟ್ಟೆ. ಕೈ ಮೇಲೆ ಒಂದು ಏಟು ಬಿತ್ತು. "ತಾಯಿ ಬೇರು ಬಿಡ್ಲಾ. ಎಲ್ಲಾ ಕಿತ್ಕಂಡ್ರೆ ಮುಂದ್ಲ ವರ್ಷ ಏನ್ ಅಗೀತೀಯ?" ಎರಡು ಮೂರು ಬೇರು ಉಳಿಸಿ, ಮಣ್ಣು ಮುಚ್ಚಿ, ಮೇಲೆ ಕಲ್ಲಿಟ್ಟು ಎದ್ದಳು.

ಅಜ್ಜಿಯೂ ಅಗೆದವಳೇ. ಅವಳು ಬಡವಿ ಅಂತ ಅವಳದ್ದು ಸರಿ, ನಾನು ಸಂಬಳದವನು ಅಂತ ನನ್ನದು ತಪ್ಪು ಅಂದರೆ ವಿಷಯ ತೀರಾ ಸುಲಭವಾಗಿಬಿಡುತ್ತೆ. ವ್ಯತ್ಯಾಸ ಬೇರೆ ಕಡೆ ಇದೆ ಅನ್ಸುತ್ತೆ. ಅವಳು ವಾಪಸ್ ಅದೇ ಗಿಡದ ಹತ್ತಿರ ಹೋಗಬೇಕಾಗಿತ್ತು. ನಾನು ಆ ತಗ್ಗಿನ ಹತ್ತಿರ ಮತ್ತೆ ಹೋಗುವವನಲ್ಲ. ಇನ್ನೊಂದು ವರ್ಷಕ್ಕೆ ಸೂಟ್‌ಕೇಸ್ ಕಟ್ಟುವವನು, ಬಾಡಿಗೆ ಅಪಾರ್ಟ್‌ಮೆಂಟಿನವನು. ಆ ಗಿಡ ಮಧುಗಿರಿಗೆ ಬಂದರೆ ಒಂದೆರಡು ಬೇಸಿಗೆ ದಾಟೋದೂ ಕಷ್ಟ. ನನ್ನದು ಪ್ರೀತಿಯೇ ಆಗಿದ್ದರೂ ಅದರ ಲೆಕ್ಕದಲ್ಲಿ ಗಿಡದ 16 ವರ್ಷ ಇರಲೇ ಇಲ್ಲ. ಸಲಿಕೆ ಡಿಕ್ಕಿಗೆ ಹಾಕಿ ಹೊರಟೆ.

ಇಲ್ಲಿಗೆ ಮುಗಿಸಿದ್ದರೆ ನಾನು ಒಳ್ಳೆಯವನಾಗಿ ಉಳೀತಿದ್ದೆ. ಆದರೆ ಹೋದ ವರ್ಷ ಗಾಂಧಿಬಜಾರಿನಲ್ಲಿ ಮಾಗಳಿ ಬೇರು ಕಂಡಿತು. "ಎಲ್ಲೀದಪ್ಪ?" ಅಂದೆ. "ಮಧುಗಿರಿ ಕಡೆ ಬೆಟ್ಟದ್ದು ಸಾರ್, ಒಳ್ಳೇ ಘಮ." ನಮ್ಮ ಬೆಟ್ಟದಲ್ಲಿ ಈಗ ಮಾಗಳಿ ಬಳ್ಳಿ ಹುಡುಕಬೇಕು. ಹೊರಗಿನವರು ಚೀಲಗಟ್ಟಲೆ ಅಗೆದರು, ಊರಿನವರೂ ಅಗೆದರು, ಅಜ್ಜಿ ಬಿಟ್ಟಿದ್ದ ತಾಯಿ ಬೇರೂ ಹೋಯಿತು. ಒಬ್ಬಳ ನಿಯಮ ಬೆಟ್ಟವನ್ನ ಕಾಯಲಿಲ್ಲ. ಮಿನ್ನೆಸೋಟಾದಲ್ಲಿ ಅದು ಎಲ್ಲರ ನಿಯಮವಾಗಿದ್ದಕ್ಕೇ ನನ್ನಂಥ ದಾರಿಹೋಕನಿಗೂ ಹೂವು ಕಾಣೋಕೆ ಸಿಕ್ಕಿದ್ದು.

ಗೊತ್ತಿದ್ದೂ ಅರ್ಧ ಕೆಜಿ ತಗೊಂಡೆ. ಅಮ್ಮನಿಗೆ ಆ ಉಪ್ಪಿನಕಾಯಿ ಇಷ್ಟ. ಸುಳ್ಳು ಯಾಕೆ, ನನಗೂ ಇಷ್ಟ. ಅಲ್ಲಿ ವಾಪಸ್ ಇಟ್ಟ ಸಲಿಕೆಯನ್ನ ಇಲ್ಲಿ ದುಡ್ಡು ಕೊಟ್ಟು ಬೇರೆಯವರ ಕೈಗೆ ಕೊಟ್ಟ ಹಾಗಾಯ್ತು. ಹೂವಿನ ಮುಂದೆ ಗೆದ್ದವನು ನಾಲಿಗೆಯ ಮುಂದೆ ಸೋತೆ.

ಈ ಮಳೆಗಾಲದಲ್ಲಿ ನರ್ಸರಿಯಿಂದ ನಾಲ್ಕು ಮಾಗಳಿ ಸಸಿ ತಂದು ಊರಿನ ಹಿತ್ತಲಲ್ಲಿ ನೆಟ್ಟಿದ್ದೀನಿ. ಎರಡು ಹಿಡಿದಿವೆ. ಬೇರು ದಪ್ಪ ಆಗೋಕೆ ವರ್ಷಗಳೇ ಬೇಕು. ಅಲ್ಲಿವರೆಗೆ ಬಜಾರಿನ ಬೇರು ತರಲ್ಲ ಅಂತ ಅಮ್ಮನಿಗೆ ಹೇಳಿದೆ. "ನೋಡಣ, ಎಷ್ಟ್ ದಿನ ಇರ್ತೀಯ" ಅಂದಳು.