ಹಟ್ಟಿಯ ಬೆಕ್ಕಿಗೆ ನಾವು ಸಾಲಗಾರರೋ?

ಕಾರ್ಕಳದ ಕಡೆಯ ಒಬ್ಬ ಬೇಸಾಯಗಾರ ಸಹೋದರನು ಆರಾಧನೆ ಮುಗಿದ ತರುವಾಯ ಸಭಾಪಾಲಕರನ್ನು ಒಂದು ಮಾತು ಕೇಳಿದನು. ಅದೇನಂದರೆ: “ಅಯ್ಯನವರೇ, ನನ್ನ ಹಟ್ಟಿಯ ಅಟ್ಟದಲ್ಲಿ ಇಲಿಗಳು ಹೆಚ್ಚಿ ಅಕ್ಕಿಮುಡಿಗಳನ್ನು ಕಡಿದು ಹಾಳುಮಾಡಿದವು. ಆದದರಿಂದ ಮೀನುಪೇಟೆಯಲ್ಲಿ ಅಲೆಯುತ್ತಿದ್ದ ಬೆಕ್ಕೊಂದನ್ನು ಹಿಡಿದು ತಂದು ಬಿಟ್ಟಿದ್ದೇನೆ. ಅದು ನನ್ನ ಕೈಗೆ ಸಿಕ್ಕುವದಿಲ್ಲ, ನಾನು ಅದಕ್ಕೆ ಅನ್ನ ಹಾಕುವದೂ ಇಲ್ಲ. ಇಲಿ ಹಿಡಿದರೆ ತಿನ್ನಲಿ, ಇಲ್ಲವಾದರೆ ಹೋಗಲಿ. ಇದರಲ್ಲಿ ತಪ್ಪುಂಟೋ?” ಹತ್ತಿರ ನಿಂತವರು ನಕ್ಕರು. ಆದರೆ ಪ್ರಶ್ನೆಯು ನಗತಕ್ಕದ್ದಲ್ಲ.

ನಮ್ಮ ಸತ್ಯವೇದದ 66 ಪುಸ್ತಕಗಳಲ್ಲಿ ಸಾಕುಬೆಕ್ಕಿನ ಹೆಸರು ಎಲ್ಲಿಯೂ ಇಲ್ಲ. ಆದರೂ ಧರ್ಮೋಪದೇಶಕಾಂಡದ 25ನೇ ಅಧ್ಯಾಯದಲ್ಲಿ, ಕಣ ತುಳಿಯುವ ಎತ್ತಿನ ಬಾಯಿಯನ್ನು ಕಟ್ಟಬಾರದೆಂಬ ಅಪ್ಪಣೆಯುಂಟು. ದುಡಿಯುವ ಮೂಕಪ್ರಾಣಿಗೆ ದುಡಿತದಲ್ಲಿ ಪಾಲುಂಟೆಂಬದು ಅದರ ತಾತ್ಪರ್ಯವು.

ಇದಕ್ಕೆ ನಮ್ಮ ಸಹೋದರನು, “ಬೆಕ್ಕಿನ ಬಾಯಿಯನ್ನು ನಾನು ಕಟ್ಟಲಿಲ್ಲವಲ್ಲಾ! ಇಲಿಯೇ ಅದರ ಕೂಲಿ,” ಎಂದು ಹೇಳಬಹುದು. ಈ ಮಾತನ್ನು ಸ್ವಲ್ಪ ತೂಗಿ ನೋಡೋಣ. ಎತ್ತು ಎಷ್ಟು ತುಳಿದರೂ ಕಣದಲ್ಲಿ ಕಾಳು ಉಳಿದಿರುವದು. ಬೆಕ್ಕಾದರೋ ಎಷ್ಟು ನಂಬಿಗಸ್ತಿಕೆಯಿಂದ ಕೆಲಸಮಾಡುವದೋ ಅಷ್ಟು ಬೇಗ ಅದರ ಆಹಾರವು ಕಡಿಮೆಯಾಗುವದು. ಹಟ್ಟಿಯಲ್ಲಿ ಇಲಿ ಮುಗಿದ ದಿನವೇ ಅದರ ಉಪವಾಸದ ಮೊದಲನೆಯ ದಿನವು. ಒಳ್ಳೇ ಕೆಲಸಕ್ಕೆ ಹಸಿವೆಯನ್ನು ಸಂಬಳವಾಗಿ ಕೊಡುವದು ಯಾವ ನ್ಯಾಯ?

ಹಸಿದ ಬೆಕ್ಕೇ ಚೆನ್ನಾಗಿ ಬೇಟೆಯಾಡುವದೆಂಬ ಮಾತು ಊರಲ್ಲಿ ಉಂಟು. ಇದು ಸರಿಯಲ್ಲ. ಬೆಕ್ಕಿನ ಬೇಟೆಯ ಬುದ್ಧಿಯು ಹೊಟ್ಟೆಯಿಂದ ಮಾತ್ರ ಹುಟ್ಟತಕ್ಕದ್ದಲ್ಲ; ಉಂಡ ಬೆಕ್ಕೂ ಇಲಿಯ ಸದ್ದಿಗೆ ಕಿವಿ ನೆಟ್ಟಗೆ ಮಾಡುವದು. ಹಸಿದದ್ದು ಆಹಾರವನ್ನು ಹುಡುಕುತ್ತಾ ಹಟ್ಟಿಯನ್ನು ಬಿಟ್ಟುಹೋಗುವದು. ಆದದರಿಂದ ಹೊಸದಾಗಿ ತಂದ ಬೆಕ್ಕನ್ನು ಎರಡು ಮೂರು ವಾರ ಹಟ್ಟಿಯೊಳಗೇ ಇರಿಸಿ, ದಿನಾಲು ಒಂದೇ ಹೊತ್ತಿನಲ್ಲಿ ಅನ್ನ ನೀರು ಕೊಟ್ಟರೆ ಮಾತ್ರ ಅದು ಆ ಸ್ಥಳವನ್ನು ತನ್ನದೆಂದು ತಿಳಿಯುವದು.

ಅದರಿಂದ ಶಕ್ತಿಗೆ ಮೀರಿದ್ದನ್ನು ಕೇಳುವದೂ ಅನ್ಯಾಯವೇ. ಅಮೇರಿಕದ ನ್ಯೂಯಾರ್ಕಿನಲ್ಲಿ ಬೆಕ್ಕುಗಳು ತಿರುಗಾಡುತ್ತಿದ್ದ ಒಂದು ಕಸದ ಕಾರ್ಖಾನೆಯಲ್ಲಿ ಪಂಡಿತರು 79 ದಿವಸ ಪರೀಕ್ಷಿಸಿದಾಗ, ಅವು ಕೊಂದ ದೊಡ್ಡ ಇಲಿಗಳು ಎರಡೇ ಎಂದು 2018ರಲ್ಲಿ ಪ್ರಕಟಿಸಿದರು. ಚಿಟ್ಟಿಲಿಯನ್ನೂ ಎಳೇ ಇಲಿಯನ್ನೂ ಬೆಕ್ಕು ಹಿಡಿಯುವದು. ಹೆಗ್ಗಣವನ್ನು ಕಂಡರೆ ಹಿಂಜರಿಯುವದು. ನಮ್ಮ ಗದ್ದೆಗಳಲ್ಲಿ ಮಳೆಗಾಲದಲ್ಲಿ ಕಾಣುವ ಇಲಿಜ್ವರವು ಇಲಿಯ ಮೂತ್ರ ಬೆರೆತ ನೀರು ಕಾಲಿನ ಗಾಯಕ್ಕೆ ತಗಲುವದರಿಂದ ಬರುವಂಥಾದ್ದು. ಬೆಕ್ಕುಂಟೆಂದು ಧೈರ್ಯಗೊಂಡು ಬಿಲ ಮುಚ್ಚದೆ, ಧಾನ್ಯವನ್ನು ಭದ್ರಮಾಡದೆ, ಜ್ವರ ಬಂದಾಗ ಉಡುಪಿ ಮಣಿಪಾಲದ ಆಸ್ಪತ್ರೆಗಳಿಗೆ ಹೋಗಲು ತಡಮಾಡುವವನು ಮೂಢನು. ಒಂದು ಮೂಲೆಯಲ್ಲಿ ಬೆಕ್ಕನ್ನೂ ಇನ್ನೊಂದು ಮೂಲೆಯಲ್ಲಿ ಇಲಿಪಾಷಾಣವನ್ನೂ ಇಡುವವನು ತನ್ನ ಕೆಲಸಗಾರನಿಗೇ ವಿಷವಿಕ್ಕುವವನಾದಾನು. ಯಾಕಂದರೆ ವಿಷ ತಿಂದ ಇಲಿಯು ಬೆಕ್ಕಿನ ಬಾಯಿಗೆ ಬರುವದು.

ಇನ್ನು ಮರಿಗಳ ವಿಚಾರ. ಮರಿಗಳನ್ನು ಗೋಣಿಯಲ್ಲಿ ಕಟ್ಟಿ ಕಾಪುವಿನ ಸಂತೆಯ ಬಳಿಯಲ್ಲೋ ಸಮುದ್ರದಂಡೆಯಲ್ಲೋ ಬಿಟ್ಟುಬರುವದನ್ನು ಕೆಲವರು ಪಾಪವೆಂದೇ ಎಣಿಸುವದಿಲ್ಲ. ಪ್ರಾಣಿಯನ್ನು ಹಸಿವೆ ಬಾಯಾರಿಕೆಗೆ ಗುರಿಯಾಗುವಂತೆ ತ್ಯಜಿಸುವದು 1960ರ ಪ್ರಾಣಿಹಿಂಸೆ ತಡೆಯುವ ಕಾನೂನಿನ ಪ್ರಕಾರ ಅಪರಾಧವಾಗಿದೆ. ಪಶುವೈದ್ಯರಿಂದ ಸಂತಾನ ತಡೆಯುವ ಶಸ್ತ್ರಚಿಕಿತ್ಸೆಯನ್ನೂ ಹುಚ್ಚುರೋಗದ ಚುಚ್ಚುಮದ್ದನ್ನೂ ಮೊದಲೇ ಮಾಡಿಸುವದು ಲೇಸು.

ಸಹೋದರರೇ, ನಮ್ಮ ಹಿರಿಯರಲ್ಲಿ ಅನೇಕರು ಪರರ ಗದ್ದೆಗಳಲ್ಲಿ ಗೇಣಿ ಒಕ್ಕಲಾಗಿಯೂ ಆಳಾಗಿಯೂ ದುಡಿದವರು. 1974ರ ಭೂಸುಧಾರಣೆಯ ಕಾನೂನು ಬರುವ ವರೆಗೆ, ಉತ್ತ ನೆಲವು ತಮ್ಮದೆಂದು ಹೇಳುವ ಹಕ್ಕು ಎಷ್ಟೋ ಒಕ್ಕಲುಗಳಿಗೆ ಇರಲಿಲ್ಲ. ತೋಳಿನಲ್ಲಿ ಬಲವಿರುವ ತನಕ ಬೇಕಾದವರು, ಬೆನ್ನು ಬಾಗಿದ ಮೇಲೆ ಬೇಡವಾದರು. ಮನುಷ್ಯನನ್ನೂ ಬೆಕ್ಕನ್ನೂ ಸಮಮಾಡಿ ನಾನು ಹೇಳುವದಿಲ್ಲ. ಗುಬ್ಬಿಗಳನ್ನು ಮರೆಯದ ತಂದೆಯು ನಮ್ಮನ್ನು ಅವುಗಳಿಗಿಂತ ಹೆಚ್ಚಾಗಿ ಎಣಿಸುತ್ತಾನೆಂದು ಕರ್ತನೇ ಕಲಿಸಿದ್ದಾನೆ. ಆದರೆ ಬಳಸಿ ಬಿಸಾಡುವ ಕಠಿಣ ಹೃದಯವು ಒಂದೇ. ಅದು ಬೆಕ್ಕಿನ ಮೇಲೆ ಅಭ್ಯಾಸಮಾಡಿ, ಆಳಿನ ಮೇಲೆಯೂ ಮುದಿ ತಾಯಿಯ ಮೇಲೆಯೂ ತೋರಿಬರುವದು.

ಆದದರಿಂದ ಆ ಸಹೋದರನಿಗೆ ಉತ್ತರವೇನಂದರೆ: ಬೆಕ್ಕನ್ನು ತಂದದ್ದು ತಪ್ಪಲ್ಲ. ಅದನ್ನು ಮುದ್ದಿಸಬೇಕೆಂಬ ಅಪ್ಪಣೆಯೂ ಇಲ್ಲ. ಆದರೆ ಅದು ಕೇಳದೆ ಇರುವಾಗ ನೀನೇ ಹಿಡಿದು ತಂದಿ. ತಂದ ದಿನವೇ ಸಾಲಗಾರನಾದಿ. ದಿನಕ್ಕೊಂದು ಹಿಡಿ ಅನ್ನ, ಮೀನಿನ ತಲೆ, ಮಳೆ ತಾಗದ ಮೂಲೆ, ಇಲಿ ಹಿಡಿಯಲಾರದ ಮುಪ್ಪಿನಲ್ಲಿಯೂ ಅದೇ ಅನ್ನ. ಈ ಸಾಲವನ್ನು ಬೆಕ್ಕು ಬಂದು ಕೇಳಲಾರದು. ಕೇಳಲಾರದವರ ಸಾಲವನ್ನು ತೀರಿಸುವವನ ಲೆಕ್ಕವನ್ನು ದೇವರು ತಾನೇ ನೋಡುತ್ತಾನೆ.